ಕುಡಿಯದೆ ಇಟ್ಟ ಬಟ್ಟಲು

ನವೆಂಬರ್ 12, ಮಂಗಳವಾರ, ಬೆಳಿಗ್ಗೆ 9.40. ರುಮೈಲ ಠಾಣೆಯಲ್ಲಿ ದೂರು ದಾಖಲಾಯಿತು. ದೂರುದಾರ ಸುವೈಲಿಮ್, ವಯಸ್ಸು ಅರವತ್ತೊಂದು, ಹಾಳುಕೋಟೆಯ ಕಾವಲುಗಾರ. ಕೋಟೆ ಬಾಗಿಲ ಬಳಿ ನೆಟ್ಟಿದ್ದ ಅಕ್ಷರ ಕೆತ್ತಿದ ಕಲ್ಲು ನಿನ್ನೆ ಸಂಜೆಯಿಂದ ಕಾಣೆಯಾಗಿದೆ ಎಂಬುದು ದೂರು.

ಠಾಣಾಧಿಕಾರಿ ಹಾಯಿಲ್ ಪೆನ್ನು ಕೆಳಗಿಟ್ಟ. ಜೋರ್ಡಾನಿನ ಈ ಮೂಲೆಯಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಕರಿಕಲ್ಲೇ. ಇಂಥ ಕಡೆ ಕಲ್ಲು ಕಳುವಾಯಿತು ಎಂದು ಬರೆದರೆ ಮೇಲಿನವರು ನಗುತ್ತಾರೆ.

"ಯಾವ ಕಲ್ಲು ಚಿಕ್ಕಪ್ಪ?" ಹಿರಿಯರನ್ನು ಇಲ್ಲಿ ಕರೆಯುವುದೇ ಹಾಗೆ.

"ಎರಡು ಸಾವಿರ ವರ್ಷದ್ದು. ಗುರುವಾರ ರಾಜಧಾನಿಯಿಂದ ಲಾರಿ ಬರುತ್ತೆ. ವಸ್ತುಸಂಗ್ರಹಾಲಯಕ್ಕೆ ಒಯ್ಯಕ್ಕೆ."

"ನಿನ್ನೇನೇ ಯಾಕೆ ಬರಲಿಲ್ಲ?"

"ರಾತ್ರಿಯೆಲ್ಲ ನಾನೇ ಹುಡುಕಿದೆ. ಜೂನ್‌ಗೆ ನನ್ನ ಕೆಲಸ ಮುಗಿಯುತ್ತೆ. ಇಪ್ಪತ್ತೆರಡು ವರ್ಷ ಕಾದು, ಕೊನೆಗೆ ಕಳ್ಳ ಅನ್ನಿಸ್ಕೊಂಡು ಮನೆಗೆ ಹೋಗ್ಲಾ?"

ಮುದುಕನ ಭಯ ಸುಳ್ಳಲ್ಲ. ಹತ್ತು ಗಂಟೆಗೆ ಪುರಾತತ್ವ ಇಲಾಖೆಯ ಅಧಿಕಾರಿಯೊಬ್ಬರು ದೂರವಾಣಿಯಲ್ಲಿ ಹಾಯಿಲನಿಗೆ ಅದನ್ನೇ ಹೇಳಿದರು: ಗುರುವಾರದೊಳಗೆ ಕಲ್ಲು ಸಿಗದಿದ್ದರೆ ಕಾವಲುಗಾರನನ್ನೇ ಮೊದಲ ಆರೋಪಿ ಮಾಡಿ. ಕೂತಲ್ಲೇ ತನಿಖೆ ಮುಗಿಸುವ ಜನ ಎಲ್ಲ ಕಡೆ ಇರುತ್ತಾರೆ.

11.15ಕ್ಕೆ ಇಬ್ಬರು ಕುರಿಗಾಹಿಗಳನ್ನು ಪಂಚರನ್ನಾಗಿ ಕೂರಿಸಿ ಪಂಚನಾಮೆ ಆಯಿತು. ಕಲ್ಲಿನ ಎತ್ತರ ಒಂದೂವರೆ ಮೊಳ, ತೂಕ ಸುಮಾರು ನಲವತ್ತು ಕಿಲೋ. ನೆಟ್ಟಿದ್ದ ಜಾಗದಲ್ಲಿ ಗುಳಿ. ಗುಳಿಯ ಸುತ್ತ ಆನಿಕೆಗೆ ಇಟ್ಟಿದ್ದ ಸಣ್ಣ ಕಲ್ಲುಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ, ಒಂದು ಪಕ್ಕಕ್ಕೆ ಗುಡ್ಡೆ ಮಾಡಿಟ್ಟಿದ್ದವು. ಮಣ್ಣಿನಲ್ಲಿ ಮೇಕೆಕೂದಲಿನ ಕಂಬಳಿಯ ಎಳೆಗಳು. ಪೇದೆ ಅವ್ವಾದ್ ಹೆಜ್ಜೆ ಜಾಡು ಹಿಡಿಯುವ ಮನೆತನದವನು. ಅವನು ಗುಳಿಯ ಪಕ್ಕದಲ್ಲಿ ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂತಿದ್ದ.

"ಸಾಹೇಬ್ರೇ, ಇದನ್ನ ಒಯ್ದೋನು ಕಳ್ಳ ಅಲ್ಲ."

"ಮತ್ತೆ, ಪುಣ್ಯಾತ್ಮನಾ?"

"ಕಳ್ಳ ಹಾರೆ ಹಾಕಿ ಕೀಳ್ತಾನೆ. ಇವನು ತೊಟ್ಟಿಲಿಂದ ಮಗೂನ ಎತ್ಕೊಂಡ ಹಾಗೆ ಎತ್ಕೊಂಡಿದಾನೆ."

ಹಾಯಿಲ್‌ಗೆ ಕುತೂಹಲ ಹತ್ತಿದ್ದು ಆಗಲೇ. ಮಾರುವವನು ಬೇಗ ಕೀಳಬೇಕು, ಬೇಗ ಓಡಬೇಕು. ಸಣ್ಣ ಕಲ್ಲುಗಳನ್ನು ಒಪ್ಪವಾಗಿಡಲು ಅವನಿಗೆ ಪುರುಸೊತ್ತು ಎಲ್ಲಿಂದ?

ಸಂದರ್ಶಕರ ಪುಸ್ತಕ ತರಿಸಿದ. ಸೋಮವಾರ ಬಂದದ್ದು ಎರಡೇ ಗಾಡಿ. ಒಂದರಲ್ಲಿ ಇಟಲಿಯ ಗಂಡ ಹೆಂಡತಿ, ಅವರ ಜೊತೆ ರಾಜಧಾನಿಯ ಚಾಲಕ ರಮ್ಜಿ. ಇನ್ನೊಂದರಲ್ಲಿ ಡೆನ್ಮಾರ್ಕಿನಿಂದ ಬಂದ ನಾಲ್ವರು ಡೇನರು, ಅವರನ್ನು ಕರೆತಂದವನು ಇದೇ ಸೀಮೆಯ ಮುತ್ಲಕ್. ಹದಿನಾಲ್ಕು ವರ್ಷದಿಂದ ಪ್ರವಾಸಿಗರಿಗೆ ಮರಳುಗಾಡಿನ ಕೋಟೆ, ಕೆರೆ, ಗೋರಿಗಳನ್ನು ತೋರಿಸುತ್ತ ಬಂದವನು. ಮೂರು ಗಂಟೆಗೆ ಎಲ್ಲರೂ ಸುವೈಲಿಮ್‌ನ ಗುಡಾರದಲ್ಲಿ ಕಾಫಿಗೆ ಕೂತರು. ಆಮೇಲೆ ಮುದುಕ ಪ್ರವಾಸಿಗರನ್ನು ಕೋಟೆಯ ಹಿಂದಿನ ಹಳೆಯ ನೀರಿನ ತೊಟ್ಟಿಗೆ ಕರೆದುಕೊಂಡು ಹೋದ. ಚಾಲಕರಿಬ್ಬರು ಗಾಡಿಗಳ ಹತ್ತಿರ ಉಳಿದರು.

ರಮ್ಜಿಯ ಗಾಡಿಯನ್ನು ಮಧ್ಯಾಹ್ನ 2.10ಕ್ಕೆ ಹೆದ್ದಾರಿಯ ತಪಾಸಣೆ ಕಟ್ಟೆಯಲ್ಲಿ ತಡೆದರು. ಹಿಂದಿನ ಡಿಕ್ಕಿಯಲ್ಲಿ ಭಾರವಾದ ಪೆಟ್ಟಿಗೆಯೊಂದಿತ್ತು. ಅವ್ವಾದ್ ಉಸಿರು ಬಿಗಿಹಿಡಿದು ಮುಚ್ಚಳ ತೆಗೆದ. ಒಳಗೆ ಉಪ್ಪುನೀರಿನಲ್ಲಿ ತೇಲುವ ಕುರಿಹಾಲಿನ ಚೀಸು.

"ಹೆಂಡತಿ ತರಕ್ಕೆ ಹೇಳಿದ್ಲು" ಎಂದ ರಮ್ಜಿ. "ಇದೂ ಪುರಾತನ ವಸ್ತೂನಾ?"

"ನಾತ ನೋಡಿದ್ರೆ ಹೌದು ಅನ್ಸುತ್ತೆ" ಎಂದು ಅವ್ವಾದ್ ಮುಚ್ಚಳ ಹಾಕಿದ.

"ನಿನ್ನೆ ಅವ್ರೆಲ್ಲ ತೊಟ್ಟಿ ಹತ್ರ ಹೋದಾಗ ಏನು ಮಾಡ್ತಿದ್ದೆ?" ಹಾಯಿಲ್ ಕೇಳಿದ.

"ನಿದ್ದೆ."

"ಮುತ್ಲಕ್?"

"ನಿದ್ದೆ ಮಾಡೋನು ಏನು ನೋಡ್ತಾನೆ ಸಾಹೇಬ್ರೇ?"

ಹಾಯಿಲ್ ಕೋಟೆಗೆ ವಾಪಸಾದ. ಸುವೈಲಿಮ್ ಎಂದಿನಂತೆ ಏಲಕ್ಕಿ ಹಾಕಿದ ಕಾಫಿ ಸುರಿದ. ಹಾಯಿಲ್ ಎರಡು ಬಟ್ಟಲು ಕುಡಿದು, ಸಾಕು ಎಂದು ಬಟ್ಟಲನ್ನು ಅಲುಗಾಡಿಸಿ ಹಿಂದಿರುಗಿಸಿದ.

"ನಿನ್ನೆ ಎಷ್ಟು ಜನಕ್ಕೆ ಕೊಟ್ಟೆ ಚಿಕ್ಕಪ್ಪ?"

"ಏಳು ಜನ ಕುಡಿದ್ರು."

"ಪುಸ್ತಕದಲ್ಲಿ ಎಂಟು ಹೆಸರಿದೆ."

ಮುದುಕ ಒಲೆಯ ಕೆಂಡವನ್ನು ಕೆದಕತೊಡಗಿದ. ಕೆದಕುವಂಥದ್ದೇನೂ ಅಲ್ಲಿರಲಿಲ್ಲ.

"ಒಬ್ಬರು ಬಟ್ಟಲು ಕೆಳಗಿಟ್ರು" ಎಂದ ಕೊನೆಗೆ.

ಈ ಸೀಮೆಯಲ್ಲಿ ಅತಿಥಿ ಕುಡಿಯದೆ ಬಟ್ಟಲು ಕೆಳಗಿಟ್ಟರೆ ಅವನ ಮನಸ್ಸಿನಲ್ಲಿ ಒಂದು ಕೋರಿಕೆಯಿದೆ ಎಂದು ಅರ್ಥ. ಮನೆಯವನು ಕೇಳಲೇಬೇಕು, ನಡೆಸಿಕೊಡುತ್ತೇನೆ ಎನ್ನಬೇಕು, ಆಮೇಲೆ ಅತಿಥಿ ಕುಡಿಯುತ್ತಾನೆ. ಹಾಯಿಲ್‌ನ ಮದುವೆಯ ಮಾತು ಕುದುರಿದ್ದೂ ಹೀಗೆಯೇ.

"ಕೇಳಿದೆಯಾ?"

"ಕೇಳಿದೆ. ಏನೂ ಇಲ್ಲ ಅಂದ. ಆದ್ರೂ ಕುಡೀಲಿಲ್ಲ."

"ಯಾರು?"

"ಮನೆಗೆ ಬಂದವರ ಹೆಸರು ಠಾಣೆಗೆ ಕೊಡೋನಲ್ಲ ನಾನು. ಬೇಕಿದ್ರೆ ನನ್ನೇ ಒಳಗೆ ಹಾಕು."

"ಗುರುವಾರ ಅದೇ ಆಗುತ್ತೆ."

"ಆಗ್ಲಿ."

ಹಾಯಿಲ್‌ಗೆ ಸಿಟ್ಟು ಬಂತು. ತನ್ನ ಕೆಲಸ, ಮಾನ ಎರಡೂ ಹೋಗುತ್ತಿದ್ದರೂ ಬಾಯಿ ಬಿಡದವನನ್ನು ಏನು ಮಾಡುವುದು? ಆದರೆ ಆ ಸಿಟ್ಟಿನ ಒಳಗೆ ಒಂದು ಗೌರವವೂ ಇತ್ತು.

ಬುಧವಾರ ಮಧ್ಯಾಹ್ನ 1.30. ಎಂಬತ್ತು ಕಿಲೋಮೀಟರ್ ದೂರದ ಹೋಟೆಲಿನಲ್ಲಿ ಡೇನರು ಸಿಕ್ಕರು. ಪ್ರವಾಸಿಗರು ಎಲ್ಲದರ ಪಟ ತೆಗೆಯುತ್ತಾರೆ ಎಂದು ಹಾಯಿಲ್ ಸದಾ ಗೊಣಗುತ್ತಿದ್ದ, ಅಂದು ಗೊಣಗಲಿಲ್ಲ. ಮೊಬೈಲಿನ ಪಟದಲ್ಲಿ ಕಾಫಿಯ ಕೂಟವಿತ್ತು. ಇಟಲಿಯ ಹೆಂಗಸು ನಗುತ್ತಿದ್ದಳು. ರಮ್ಜಿ ಬಟ್ಟಲು ಎತ್ತಿ ಕುಡಿಯುತ್ತಿದ್ದ. ಮೂಲೆಯಲ್ಲಿ ಕೂತ ಮುತ್ಲಕ್‌ನ ಮುಂದೆ, ಚಾಪೆಯ ಮೇಲೆ, ತುಂಬಿದ ಬಟ್ಟಲು.

"ಹದಿನಾಲ್ಕು ವರ್ಷ ಕುಡಿದೋನು ಅವತ್ತೊಂದು ದಿನ ಯಾಕೆ ಬಿಟ್ಟ?" ಎಂದ ಅವ್ವಾದ್.

"ಕುಡಿದ ಮೇಲೆ ಆ ಮನೆಗೆ ಎರಡು ಬಗೆಯೋ ಹಾಗಿಲ್ಲ. ಅದಕ್ಕೇ ಕುಡೀಲಿಲ್ಲ."

ಬೇರೆ ಊರಿನ ಕಳ್ಳನಾಗಿದ್ದರೆ ಕುಡಿದು, ಇನ್ನೊಂದು ಬಟ್ಟಲು ಕೇಳಿ, ಬಾಯಿ ಒರೆಸಿಕೊಂಡು ಕಲ್ಲು ಹೊತ್ತೊಯ್ಯುತ್ತಿದ್ದ. ಮುತ್ಲಕ್‌ಗೆ ಅದು ಆಗಲಿಲ್ಲ.

ಸಂಜೆ 4.20. ಮುತ್ಲಕ್‌ನ ಗುಡಾರ. ಜೀಪು ಕಂಡ ಕೂಡಲೇ ಅವನೇ ಎದುರಿಗೆ ಬಂದ. ಐವತ್ತರ ಆಳು, ಬಿಸಿಲಿಗೆ ಮುಖ ಸುಕ್ಕುಗಟ್ಟಿತ್ತು.

"ಬಾ, ಒಳಗೆ ಕೂತ್ಕೋ."

"ಕೂರಲ್ಲ. ಕೂತ್ರೆ ನಿನ್ನ ಕರ್ಕೊಂಡು ಹೋಗಕ್ಕಾಗಲ್ಲ. ಕಲ್ಲು ಎಲ್ಲಿ?"

ಮುತ್ಲಕ್ ಸುಳ್ಳು ಹೇಳಲಿಲ್ಲ. ಗುಡಾರದ ಹಿಂದಿನ ದಿಬ್ಬದ ಕಡೆ ನೋಡಿದ. ಅಲ್ಲಿ ಕಲ್ಲು ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ಒಬ್ಬ ಮುದುಕಿ ಕೂತಿದ್ದಳು.

"ನಮ್ಮಮ್ಮ" ಎಂದ. "ನನ್ನ ತಮ್ಮ ಫಲಾಹ್ ಹನ್ನೊಂದು ವರ್ಷದ ಹಿಂದೆ ತಪ್ಪಿಸಿಕೊಂಡ ಒಂಟೆ ಹುಡುಕ್ಕೊಂಡು ಹೋದ. ವಾಪಸ್ ಬರಲಿಲ್ಲ. ಮಣ್ಣು ಮಾಡಕ್ಕೆ ಒಂದು ಮೂಳೇನೂ ಸಿಗಲಿಲ್ಲ. ಎಲ್ಲಿ ಕೂತು ಅಳ್ಲಿ ಅಂತ ಅಮ್ಮ ದಿನಾ ಕೇಳ್ತಾಳೆ."

"ಅದಕ್ಕೆ?"

"ಯಾರೋ ಪುಣ್ಯಾತ್ಮ ಅವನನ್ನ ಮಣ್ಣು ಮಾಡಿ, ಅವನ ಹೆಸರು ಬರೆದು ನೆಟ್ಟಿದ್ದ ಕಲ್ಲು ನಂಗೆ ಸಿಕ್ತು ಅಂತ ಅಮ್ಮನಿಗೆ ಹೇಳಿದೆ. ಅವಳಿಗೆ ಓದಕ್ಕೆ ಬರಲ್ಲ. ಗುರುವಾರ ಆದ್ಮೇಲೆ ಕಲ್ಲು ಸಿಕ್ತಿರಲಿಲ್ಲ."

"ಸುವೈಲಿಮ್ ಜೈಲಿಗೆ ಹೋಗ್ತಿದ್ದ."

"ಕಲ್ಲು ಹೋದ್ರೆ ನಾಲ್ಕು ದಿನ ಬೈತಾರೆ ಅಂದ್ಕೊಂಡಿದ್ದೆ. ಅವನನ್ನ ಹಿಡೀತಾರೆ ಅಂತ ಗೊತ್ತಿರಲಿಲ್ಲ." ಮುತ್ಲಕ್ ತಲೆ ತಗ್ಗಿಸಿದ. "ನನ್ನ ಕರ್ಕೊಂಡು ಹೋಗು. ಅಮ್ಮನಿಗೆ ಮಾತ್ರ ಹೇಳ್ಬೇಡ."

ಹೇಳದೆ ಕಲ್ಲು ಕೀಳುವುದು ಹೇಗೆ? ಹಾಯಿಲ್ ದಿಬ್ಬ ಹತ್ತಿದ. ಮುದುಕಿಯ ಹೆಸರು ನೌಫಾ. ಅವಳು ತಿರುಗಿಯೂ ನೋಡಲಿಲ್ಲ.

"ಕಲ್ಲಿಗೆ ಬಂದ್ಯಾ ಮಗ?"

"ದೊಡ್ಡಮ್ಮ, ಅದು..."

"ಗೊತ್ತು. ಅರವತ್ತು ವರ್ಷ ಈ ಕಲ್ಲುಗಳ ಮಧ್ಯೆ ಕುರಿ ಕಾದೋಳಿಗೆ ಹಳೇ ಗೀಟು ಯಾವ್ದು, ಹೊಸ ಗೀಟು ಯಾವ್ದು ಅಂತ ಗೊತ್ತಾಗಲ್ವಾ? ಪಾಪ, ಅಷ್ಟು ಕಷ್ಟಪಟ್ಟು ಹೊತ್ಕೊಂಡು ಬಂದಿದ್ದ. ನಂಬಿದ ಹಾಗೆ ಕೂತೆ. ಅಳು ಮಾತ್ರ ನಿಜವಾಗ್ಲೂ ಬಂತು." ಅವಳು ಕಲ್ಲಿನ ಮೇಲೆ ಕೈಯಾಡಿಸಿದಳು. "ಏನು ಬರೆದಿದೆ ಇದ್ರಲ್ಲಿ?"

ಇಲಾಖೆಯವರು ಆ ಬರಹದ ಅರ್ಥ ಬರೆದು ಕಳಿಸಿದ್ದ ಕಾಗದ ಹಾಯಿಲ್‌ನ ಜೇಬಿನಲ್ಲಿತ್ತು. ಓದಿದ: "ಗಯ್ಯರನ ಮಗ ಅನ್ಅಮ್ ಬರೆದದ್ದು. ತಮ್ಮ ಹೋದ, ತಿರುಗಿ ಬರಲಿಲ್ಲ. ಅವನಿಗಾಗಿ ಅತ್ತೆ."

ನೌಫಾ ಕಲ್ಲಿನ ಮೇಲಿಂದ ಕೈ ತೆಗೆದಳು.

"ಆ ಹುಡುಗನಿಗೂ ಒಬ್ಬಳು ಅಮ್ಮ ಇದ್ಲು" ಎಂದಳು. "ಅವಳ ಕಲ್ಲು ನಾನು ಇಟ್ಕೊಬಾರ್ದು. ಒಯ್ಯಿ."

ಅವ್ವಾದ್ ಮತ್ತು ಮುತ್ಲಕ್ ಕಲ್ಲನ್ನು ಕಂಬಳಿಯಲ್ಲಿ ಸುತ್ತಿ ಎತ್ತಿದರು. ಆರೋಪಿಗೆ ಕೈಕೋಳ ಹಾಕಲು ಯಾರಿಗೂ ನೆನಪಾಗಲಿಲ್ಲ. ಬಂಧನದ ಸಮಯ ಸಂಜೆ 4.50 ಎಂದು ದಾಖಲಾಯಿತು. ಸುವೈಲಿಮ್‌ನ ಹೆಸರು ಆರೋಪಿಗಳ ಪಟ್ಟಿಗೆ ಬರಲಿಲ್ಲ.

ಠಾಣೆಗೆ ಬಂದು ಹಾಯಿಲ್ ವರದಿ ತುಂಬಿದ. ಕಳವಿನ ಉದ್ದೇಶ ಎಂಬ ಕಾಲಮಿನ ಬಳಿ ಪೆನ್ನು ನಿಂತಿತು. ಇಂಥ ಪ್ರಕರಣಗಳಲ್ಲಿ ಎಲ್ಲರೂ ಅಲ್ಲಿ 'ಮಾರಾಟ' ಎಂದು ಬರೆಯುತ್ತಾರೆ. ಅವನು ಹೀಗೆ ಬರೆದ: ಮಾರಾಟಕ್ಕಲ್ಲ. ಆರೋಪಿಯ ತಮ್ಮನಿಗೆ ಗೋರಿಯಿಲ್ಲ.