ಮಡುವಿಗೊಂದೇ ದೋಣಿ

ಬೋರಲು ಹಾಕಿಟ್ಟ ದೋಣಿ ಒಣಗುವಾಗ ಸದ್ದು ಮಾಡುತ್ತದೆ. ಸುಮ್ಮನೆ ಕೂತು ಕೇಳಿದವನಿಗೆ ಮಾತ್ರ ಅದು ಗೊತ್ತು. ಮೊದಲು ಅಂಚಿನಲ್ಲೊಂದು ಚಿಟಿಕೆ ಹೊಡೆದ ಹಾಗೆ, ಆಮೇಲೆ ಅಡಿಯಲ್ಲಿ ಸಣ್ಣಗೆ ಹಲ್ಲು ಕಡಿದ ಹಾಗೆ. ಕಳಸದ ಕೆಳಗೆ ಭದ್ರೆ ತಿರುವು ತಗೊಳ್ಳುವ ಕರಿಮಡುವಿನ ದಂಡೆಯಲ್ಲಿ ಬೆಸ್ತರ ತಮ್ಮಯ್ಯ ವರ್ಷದಿಂದ ಆ ಸದ್ದು ಕೇಳುತ್ತಿದ್ದ. ಹೆಬ್ಬಲಸಿನ ಮರ ಕೊರೆದು ಅವನಪ್ಪ ಮಾಡಿದ ದೋಣಿ ಅದು. ನೀರು ಕಾಣದ ದೋಣಿ ಹಾಲು ಬತ್ತಿದ ಹಸುವಿನ ಹಾಗೆ. ಮಾರಲು ಮನಸ್ಸು ಬಾರದು, ನೋಡಲೂ ಆಗದು.

ಮೊದಲೆಲ್ಲ ಹೊಳೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆಮೇಲೆ ಕಾಯಿದೆ ಬಂತು. ದಂಡೆಯ ಮೇಲೆ ಕೂತು ಗಾಳ ಹಾಕುವವನನ್ನು ಯಾರೂ ಕೇಳುವುದಿಲ್ಲ, ಆದರೆ ದೋಣಿಯಿಂದ ಬಲೆ ಬೀಸುವವನಿಗೆ ಲೈಸನ್ಸು ಬೇಕು. ಅದೂ ಮಡುವಿಗೊಂದೇ ದೋಣಿ, ದೋಣಿಗೊಬ್ಬನೇ ಹಕ್ಕುದಾರ. ಮೂಡಿಗೆರೆ ಕಚೇರಿಯಲ್ಲಿ ಹೆಸರು ಕೊಡುವ ದಿನ ತಮ್ಮಯ್ಯ ಚಳಿಜ್ವರದಲ್ಲಿ ಎರಡು ಕಂಬಳಿಯ ಕೆಳಗೆ ನಡುಗುತ್ತಿದ್ದ. “ನಂದೂ ಹೇಳಿ ಬಾರೋ” ಎಂದು ಹೆಂಡತಿಯ ತಮ್ಮ ನಿಂಗಯ್ಯನನ್ನು ಕಳಿಸಿದ. ನಿಂಗಯ್ಯ ತಿರುಗಿ ಬಂದಾಗ ಲೈಸನ್ಸು ಅವನೊಬ್ಬನ ಹೆಸರಿಗೇ ಆಗಿತ್ತು.

“ಒಂದೇ ದೋಣಿ ಅಂದ್ರು ಭಾವ. ಎದುರಿಗೆ ನಿಂತವನ ಹೆಸ್ರು ಬರ್ಕೊಂಡ್ರು. ನಾ ಏನ್ ಮಾಡ್ಲಿ?”

“ಎದುರಿಗೆ ನಿಂತವನಿಗೆ ಹಿಂದೆ ಮಲಗಿದವನ ಹೆಸ್ರು ಬಾಯಿಗೆ ಬರ್ಲಿಲ್ಲ ಅನ್ನು ಮಾರಾಯ.”

“ಹಂಗೆಲ್ಲ ಅನ್ಬೇಡಿ. ಇಬ್ರೂ ಒಂದೇ ದೋಣೀಲಿ ಹೋಗಾಣ. ನೀವು ಹುಟ್ಟು ಹಾಕಿ, ನಾ ಬಲೆ ಬೀಸ್ತೀನಿ.”

ನಿಂಗಯ್ಯ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಒಳ್ಳೆಯ ಮನಸ್ಸಿನ ಮಾತು ನಾಟುವಷ್ಟು ಆಳಕ್ಕೆ ಬೈಗುಳ ನಾಟುವುದಿಲ್ಲ. ಬಲೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವುದು ಹೇಗೆ, ಸೊಂಟ ತಿರುಗಿಸಿ ಬಿಡುವುದು ಹೇಗೆ ಎಂದು ಆ ಹುಡುಗನಿಗೆ ಕಲಿಸಿದವನು ತಮ್ಮಯ್ಯ. ಈಗ ಅವನ ಬೆನ್ನ ಹಿಂದೆ ಕೂತು ಹುಟ್ಟು ಹಾಕುವುದೇ? ತಮ್ಮಯ್ಯ ಒಲ್ಲೆ ಎಂದು ಕಾಫಿ ತೋಟದ ಕೂಲಿಗೆ ಹೋದ. ಅಲ್ಲಿ ಮೇಸ್ತ್ರಿ ದಿನಾ ಬೆಳಗ್ಗೆ ಕೇಳುತ್ತಿದ್ದ: “ಏನ್ ತಮ್ಮಯ್ಯ, ಇವತ್ತು ಯಾವ ಗಿಡದಲ್ಲಿ ಮೀನು?” ಆಳುಗಳು ನಗುತ್ತಿದ್ದರು. ತಮ್ಮಯ್ಯನೂ ನಕ್ಕ ಹಾಗೆ ಮಾಡುತ್ತಿದ್ದ. ಸಂಜೆ ಬಂದು ದೋಣಿಯ ಪಕ್ಕ ಕೂರುತ್ತಿದ್ದ.

ದಾರಿ ತೋರಿಸಿದ್ದು ಕಾಯಿದೆಯೇ. ಹೊಳೆ ಕಾಯುವ ವಾಚರ್ ಶಿವಯ್ಯನಿಗೆ ಎಲೆಯಡಿಕೆ ಕೊಟ್ಟು ಕೂರಿಸಿದರೆ ಕಾಯಿದೆಯನ್ನು ಹಾಡಿನ ಹಾಗೆ ಒಪ್ಪಿಸುತ್ತಿದ್ದ. ಮಡುವಿಗೆ ಮದ್ದು ಹಾಕಿ ಮೀನು ಕೊಂದರೆ ಜೈಲು. ದೋಣಿಯಲ್ಲಿ ಮದ್ದು ಸಿಕ್ಕಿದರೆ ಲೈಸನ್ಸಿನವನೇ ಹೊಣೆ, ಬೇರೆ ಮಾತೇ ಇಲ್ಲ. ಅವನಿಗೆ ಮತ್ತೆ ಈ ಜನ್ಮದಲ್ಲಿ ಲೈಸನ್ಸಿಲ್ಲ. ಮಡು ಅದೇ ಊರಿನ ಇನ್ನೊಬ್ಬ ಬೆಸ್ತನಿಗೆ. ಇನ್ನೊಬ್ಬ ಬೆಸ್ತ ಎಂದರೆ ಕರಿಮಡುವಿನಲ್ಲಿ ತಮ್ಮಯ್ಯನೇ. ಅವನು ಈ ಮಾತನ್ನು ಶಿವಯ್ಯನ ಬಾಯಿಂದ ಬೇರೆ ಬೇರೆ ದಿನ ಕೇಳಿಸಿಕೊಂಡ. ಪ್ರತಿ ಸಲವೂ ಅದು ಒಂದೇ ಆಗಿತ್ತು.

ಮೀನಿಗೆ ಅಮಲು ಬರಿಸಲು ಕಾರೆಕಾಯಿ ಸಾಕು. ಕಾಡಿನಲ್ಲಿ ಬೇಕಾದಷ್ಟಿದೆ. ಅದನ್ನು ಜಜ್ಜಿ ನಿಂತ ನೀರಿಗೆ ಸುರಿದರೆ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತದೆ. ಸುರಿಯಲು ದೋಣಿ ಬೇಕಿಲ್ಲ. ಮಡುವಿನ ತಲೆಯಲ್ಲಿರುವ ಬಂಡೆಯಿಂದ ಸುರಿದರೆ ನೀರೇ ಹೊತ್ತುಕೊಂಡು ಹೋಗುತ್ತದೆ. ನಿಂಗಯ್ಯನ ದೋಣಿಯಲ್ಲಿ ಜಜ್ಜಿದ ಕಾಯಿಯ ಒಂದು ಹಿಡಿ, ತಳದಲ್ಲಿ ಒಂದಿಷ್ಟು ನೀರು, ಎರಡು ಸತ್ತ ಮೀನು. ಮಿಕ್ಕಿದ್ದನ್ನು ಕಾಯಿದೆ ನೋಡಿಕೊಳ್ಳುತ್ತದೆ.

ಕಾಲವನ್ನೂ ಅವನು ಅಳೆದು ನೋಡಿದ್ದ. ನಿಂಗಯ್ಯನ ಹೆಂಡತಿ ಅಂಜನಮ್ಮ ಚೊಚ್ಚಲ ಹೆರಿಗೆಗೆಂದು ಬಾಳೂರಿನ ತವರಿಗೆ ಹೋಗಿದ್ದಳು. ಮದುವೆಯಾಗಿ ಎಂಟು ವರ್ಷಕ್ಕೆ ನಿಂತ ಬಸಿರು. ಸಂಕ್ರಾಂತಿ ಕಳೆದ ಮೇಲೆ ಹೆರಿಗೆ ಎಂದು ಸೂಲಗಿತ್ತಿ ಹೇಳಿದ್ದಳು, ಸಂಕ್ರಾಂತಿಗಿನ್ನೂ ತಿಂಗಳಿತ್ತು. ಅಲ್ಲಿಯವರೆಗೆ ನಿಂಗಯ್ಯ ಮನೆಯಲ್ಲಿ ಒಬ್ಬನೇ. ಬಿಸಿಲು ಬರುವವರೆಗೂ ಏಳದವನು. ‘ಬೆಳಗ್ಗೆ ಇವರು ನನ್ನ ಪಕ್ಕದಲ್ಲೇ ಇದ್ದರು’ ಎಂದು ಹೇಳಲು ಅವನಿಗೆ ಈಗ ಯಾರೂ ಇಲ್ಲ. ಮಗು ಹುಟ್ಟಿದ ಮೇಲಾದರೆ ಮನೆ ತುಂಬಾ ನೆಂಟರು. ಹಾಗಾಗಿ ಈಗಲೇ ಆಗಬೇಕು.

ಒಂದು ದಿನ ತೋಟಕ್ಕೆ ಚಕ್ಕರ್ ಹೊಡೆದು ಕಾಡು ಹೊಕ್ಕ. ಇಡೀ ಹಗಲು ಕಾಯಿ ಕಿತ್ತ, ಬಂಡೆಯ ಮೇಲೆ ಜಜ್ಜಿದ. ಗೋಣಿಯನ್ನು ಮಡುವಿನ ಮೇಲಿನ ಪೊದೆಯಲ್ಲಿ ಬಚ್ಚಿಟ್ಟು ಮುಸ್ಸಂಜೆಗೆ ಕೇರಿಗೆ ಬಂದ. ಅವನ ಕೈಗಳು ಕಾರೆಯ ಕಹಿ ನಾರುತ್ತಿದ್ದವು. ಪಕ್ಕದ ಮನೆಯ ಪಾಪಮ್ಮ ಅಂಗಳದಿಂದಲೇ ಕೂಗಿದಳು: “ತಮ್ಮಯ್ಯಣ್ಣಾ, ಎಲ್ಲೋಗಿದ್ದೆ? ಬಾ ಇಲ್ಲಿ, ನಿಂಗೊಂದು ಮಾತು!” ಪಾಪಮ್ಮನ ಒಂದು ಮಾತು ಅನ್ನ ಬೇಯುವವರೆಗೂ ಮುಗಿಯುತ್ತಿರಲಿಲ್ಲ. ಅವನು ಕೇಳದವನ ಹಾಗೆ ಹಿತ್ತಲ ಬಾಗಿಲಿಂದ ಒಳಗೆ ಹೋದ. ಹೆಂಡತಿ ಭಾಗಮ್ಮ ಮನೆಯಲ್ಲಿರಲಿಲ್ಲ. ಒಲೆಯ ಪಕ್ಕ ಅನ್ನ ಮುಚ್ಚಿಟ್ಟಿತ್ತು. ಕಾಫಿ ಹಣ್ಣು ಕುಯ್ಯುವ ಕಾಲ, ತೋಟದ ಕೂಲಿ ಲೈನಿನಲ್ಲಿರುವ ಅಕ್ಕನ ಮಗಳ ಮನೆಯಲ್ಲಿ ಅವಳು ಉಳಿಯುವುದಿತ್ತು. ಒಳ್ಳೆಯದೇ ಆಯಿತು ಎಂದುಕೊಂಡ. ಅವಳ ತಮ್ಮನನ್ನು ಜೈಲಿಗೆ ಕಳಿಸುವ ಹಿಂದಿನ ದಿನ ಅವಳ ಮುಖ ನೋಡುವುದು ತಪ್ಪಿತು.

ಅನ್ನ ಬಡಿಸಿಕೊಂಡು ಕೂತ. ನಿಂಗಯ್ಯ ಮೊದಲ ಸಲ ಬಲೆ ಬೀಸಿದ್ದು ನೆನಪಾಯಿತು. ಬಲೆಯ ಜೊತೆ ಅವನೂ ನೀರಿಗೆ ಬಿದ್ದಿದ್ದ. ಜುಟ್ಟು ಹಿಡಿದು ಎಳೆದಾಗ ಕೆಮ್ಮುತ್ತಾ, “ಮೀನು ಸಿಕ್ತಾ ಭಾವ?” ಎಂದು ಕೇಳಿದ್ದ. ತಮ್ಮಯ್ಯ ಅನ್ನವನ್ನು ನಾಯಿಗೆ ಹಾಕಿದ. ನೆನಪು ಹೊಟ್ಟೆ ತುಂಬಿಸುವುದಿಲ್ಲ, ದೋಣಿಯನ್ನು ನೀರಿಗೆ ಇಳಿಸುವುದೂ ಇಲ್ಲ.

ಬೆಳಗಿನ ಮಂಜು ಹೊಳೆಯ ಮೇಲೆ ಹತ್ತಿ ಹಾಸಿದ ಹಾಗಿತ್ತು. ಎಲ್ಲವೂ ಅವನು ಎಣಿಸಿದ ಹಾಗೇ ನಡೆಯಿತು. ಗೋಣಿ ಖಾಲಿಯಾಯಿತು, ಕೊನೆಯ ಹಿಡಿ ನಿಂಗಯ್ಯನ ದೋಣಿಗೆ ಬಿತ್ತು. ನಿಂಗಯ್ಯನ ದೋಣಿಯ ಹಗ್ಗವನ್ನು ಸಡಿಲಿಸಿ, ಬೇರೆ ಗಂಟು ಹಾಕಿ ಕಟ್ಟಿದ, ಆಗಷ್ಟೇ ಬಂದು ನಿಂತ ದೋಣಿಯ ಹಾಗೆ. ಕೈಗೆ ಮರಳು ಹಚ್ಚಿ ಉಜ್ಜಿ ತೊಳೆದ. ಬೆಳಕು ಹರಿಯುವಾಗ ಮೊದಲ ಮೀನು ಮೇಲೆ ಬಂತು. ಬಾಯಿ ತೆರೆದು ಮುಚ್ಚುತ್ತಾ ಸುತ್ತು ಹಾಕಿ ಅವನ ಕಾಲ ಬಳಿಯೇ ಬಂದು ನಿಂತಿತು. ಅವನು ಮುಖ ತಿರುಗಿಸಿದ. ಅಪ್ಪನ ಕಾಲದಿಂದ ಈ ಮಡು ಅವರ ಮನೆಯ ಒಲೆ ಉರಿಸಿತ್ತು.

ತೇಲಿದ ಎರಡು ಮೀನನ್ನು ದೋಣಿಗೆ ಹಾಕಿ ಶಿವಯ್ಯನ ಗುಡಿಸಲಿಗೆ ಓಡಿದ. ಓಡುವುದೂ ಉಪಾಯದೊಳಗಿನದೇ. “ಶಿವಯ್ಯಣ್ಣಾ, ಮಡು ಹಾಳಾಯ್ತು! ಗಾಳ ಹಾಕಕ್ಕೆ ಅಂತ ಬಂದಿದ್ದೆ. ನಸುಕಲ್ಲಿ ನಿಂಗಯ್ಯ ಗೋಣಿ ಹೊತ್ತು ದೋಣಿ ತಳ್ಳಿದ್ದ ಕಂಡೆ.” ಶಿವಯ್ಯ ಬಂದು ನೋಡಿ, ತಲೆಗೆ ಕೈ ಹೊತ್ತು, ಕಳಸಕ್ಕೆ ಹೋಗಿ ಶೇಕದಾರರನ್ನು ಕರೆತಂದ. ಹೋಬಳಿಯ ಲೈಸನ್ಸೆಲ್ಲ ಅವರ ಕೈಯಲ್ಲೇ. ಅಷ್ಟರಲ್ಲಿ ಕೇರಿಯವರೂ ದಂಡೆಗೆ ಬಂದಿದ್ದರು. ತೇಲುವ ಮೀನು ನೋಡಿ ಹೆಂಗಸರು ಲಟಿಕೆ ಮುರಿದರು.

ಶೇಕದಾರರು ವಯಸ್ಸಾದವರು. ದೋಣಿಯೊಳಗಿನ ಕಾಯಿಯನ್ನು ಮೂಸಿ ನೋಡಿ, ತಮ್ಮಯ್ಯನನ್ನು ಹತ್ತಿರ ಕರೆದರು.

“ಮುಖ ಕಂಡ್ಯಾ?”

“ಮಂಜಿತ್ತು ಸ್ವಾಮಿ. ಆದ್ರೆ ಆ ಬೆನ್ನು ನಂಗೆ ಗೊತ್ತಿಲ್ವಾ? ನಾನೇ ಬಲೆ ಕಲ್ಸಿದ್ದು.”

ಕೇರಿಯವರು ಏನೋ ಹೇಳಹೊರಟರು. ಶೇಕದಾರರು ಕೈಯೆತ್ತಿ ತಡೆದರು. ನಿಂಗಯ್ಯನ ಪರ ಮಾತಾಡಲು ಬಿಡುತ್ತಿಲ್ಲ ಎಂದುಕೊಂಡು ತಮ್ಮಯ್ಯನಿಗೆ ಧೈರ್ಯ ಬಂತು.

“ಬೇರೆ ಯಾರಾದ್ರೂ ದೋಣಿ ಮುಟ್ಟಿರಬಹುದಲ್ಲ?”

“ಇಲ್ಲ ಸ್ವಾಮಿ. ಲೈಸನ್ಸಿದ್ದವನ ದೋಣೀನ ಬೇರೆಯವ್ರು ಮುಟ್ಟೋದುಂಟಾ?”

“ಹಂಗಾದ್ರೆ ಮದ್ದು ಹಾಕಿದ್ದು ಲೈಸನ್ಸಿದ್ದವನೇ ಅಂತೀಯ. ಯೋಚ್ನೆ ಮಾಡಿ ಹೇಳು.”

“ಅವನೇ. ಗಂಗಮ್ಮನಾಣೆ.” ತಮ್ಮಯ್ಯ ಬಗ್ಗಿ ಹೊಳೆಯ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡ. “ಅವನನ್ನ ಕರೆಸಿ ಕೇಳಿ ಬೇಕಾದ್ರೆ.”

ಶೇಕದಾರರು ಯಾರನ್ನೂ ಕರೆಸಲಿಲ್ಲ. ಬಂಡೆಯ ಮೇಲೆ ಕೂತು, ಸಿಟ್ಟಿಲ್ಲದೆ, ಸತ್ತ ಮನೆಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಹೇಳಿದರು: “ನಿನ್ನೆ ಮಧ್ಯಾಹ್ನ ನಿಂಗಯ್ಯ ಅವನ ಅಕ್ಕನ್ನ ಕರ್ಕೊಂಡು ಬಾಳೂರಿಗೆ ಹೋಗ್ತಾ ನನ್ನ ಹತ್ರ ಬಂದಿದ್ದ. ಅವನ ಹೆಂಡ್ತಿಗೆ ತಿಂಗಳು ತುಂಬೋ ಮೊದ್ಲೇ ಗಂಡು ಮಗು ಆಯ್ತಂತೆ, ಅವನ ಕಣ್ಣಲ್ಲಿ ನೀರು ನಿಲ್ತಿರಲಿಲ್ಲ. ‘ಪುರುಡು ಸ್ವಾಮಿ, ಹತ್ತು ದಿನ ನಾ ಬಲೆ ಮುಟ್ಟಂಗಿಲ್ಲ, ಗಂಗೆಗೆ ಇಳಿಯಂಗಿಲ್ಲ. ದೋಣೀನ ನಮ್ ಭಾವನ ಹೆಸರಿಗೆ ಮಾಡ್ಬಿಡಿ. ಪುರುಡು ಕಳೆದ್ಮೇಲೂ ಅದು ಹಂಗೇ ಇರ್ಲಿ, ಈ ಮಡು ಅವ್ರದ್ದೇ’ ಅಂದ. ನಾನೂ ಆಗ್ಲಿ ಅಂದೆ. ನಿನ್ನೆಯಿಂದ ಈ ದೋಣಿಯ ಲೈಸನ್ಸಿನವನು ನೀನೇ, ತಮ್ಮಯ್ಯ.”