ಅವನಿಗೆ ಮಾತ್ರ ಸುತ್ತುದಾರಿ

"ನೀವೇನಾ ಮೇಡಂ, ನನ್ನನ್ನ ಘಾಟಿ ಹತ್ತೋಕೆ ಬಿಡದೇ ಇರೋರು?"

ಅವಳು ಮೇಜಿನಿಂದ ತಲೆಯೆತ್ತಿದಳು. ಎದುರಿಗೆ ನಿಂತ ಡ್ರೈವರನ ಮುಖ ಹೊಸದು, ಫೋನಿನಲ್ಲಿ ಕೇಳಿದ ದನಿ ಹಳೆಯದು.

ಟೂರಿಸ್ಟ್ ಬಸ್ಸುಗಳಿಗೆ ದಾರಿ ಗೊತ್ತುಮಾಡುವುದು ಅವಳ ಕೆಲಸ. ಒಂದೊಂದು ಊರು ತಲುಪಿದಾಗಲೂ ಡ್ರೈವರುಗಳು ಅವಳಿಗೆ ಫೋನ್ ಮಾಡಬೇಕು. ಗಡಿಯಾಚೆಯ ಡಿಪೋದಲ್ಲಿದ್ದ ಇವನೊಬ್ಬ ಮಾತ್ರ "ತಲುಪಿದೆ" ಅಂದಮೇಲೆ "ಊಟ ಆಯ್ತಾ ಮೇಡಂ?" ಎಂದು ಕೇಳುತ್ತಿದ್ದ. ಆ ಪ್ರಶ್ನೆಗೆ ಕಾಯುತ್ತಾ ಕೂತು ಎಷ್ಟೋ ಸಲ ಊಟವನ್ನೇ ಮರೆತಿದ್ದಳು, ಹುಚ್ಚು ಹುಡುಗಿ.

ಮೇಜಿನ ಮೇಲೆ ಹೊಸ ಟ್ರಿಪ್ಪಿನ ನಕ್ಷೆ ಹರಡಿತ್ತು. ಎರಡು ದೇಶ, ಸಾಲು ಸರೋವರಗಳು, ನಡುವೆ ಪರ್ವತ.

"ಇದರಲ್ಲೂ ಎಲ್ಲರ ಬಸ್ಸು ಘಾಟಿ ಮೇಲೆ, ನನ್ನದು ಮಾತ್ರ ಸರೋವರದ ದಂಡೆ ಸುತ್ತಿ. ಬೆಟ್ಟ ಎಲ್ಲಪ್ಪಾ ಅಂತ ಪ್ಯಾಸೆಂಜರ್‌ಗಳು ನನ್ನ ತಲೆ ತಿಂತಾರೆ. ಘಾಟಿ ಓಡಿಸೋಕೆ ಬರದ ಡ್ರೈವರ್ ಬೇಡ ಅಂತ ಓನರ್ ಇವತ್ತು ನನ್ನನ್ನ ಕೆಲಸದಿಂದ ತೆಗೀತಿದ್ದಾರೆ. ನಾನೇನು ತಪ್ಪು ಮಾಡಿದೆ ಹೇಳಿ."

"ತಪ್ಪೇನಿಲ್ಲ… ರಸ್ತೆ ಸರಿಯಿಲ್ಲ."

"ನನಗೊಬ್ಬನಿಗೇನಾ?"

ಅವಳು ನಕ್ಷೆ ಮಡಚತೊಡಗಿದಳು. ಅವನು ಓನರ್ ಕೋಣೆಗೆ ನಡೆದ.

ಪಕ್ಕದ ಮೇಜಿನಲ್ಲಿ ಟಿಕೆಟ್ ಹರಿಯುತ್ತಿದ್ದ ಅವಳ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಕ್ಕನ ಗಂಡನೂ ಇಲ್ಲೇ ಡ್ರೈವರ್ ಆಗಿದ್ದ. ಅವನ ಬಸ್ಸು ಉರುಳಿದ್ದು ಅದೇ ಘಾಟಿಯಲ್ಲಿ.

"ನಿಜ ಹೇಳ್ಬಾರದಿತ್ತೇನೇ?"

"ಏನಂತ ಹೇಳ್ಲಿ ಅಕ್ಕಾ? ಭಾವ ಹೋದ ದಾರಿಗೆ ಇವರನ್ನೂ ಕಳಿಸ್ಲಾ? ಫೋನ್ ಬರ್ಲಿಲ್ಲ ಅಂದ್ರೆ ನಾನೇನಾಗ್ಲಿ…"

"ನಾನೂ ದಿನಾ ಜೀವ ಕೈಯಲ್ಲಿ ಹಿಡ್ಕೊಂಡೇ ಕೂತಿರ್ತಿದ್ದೆ. ಆದ್ರೆ ನಿಮ್ಮ ಭಾವನ ಅನ್ನ ಕಿತ್ಕೊಳ್ಳಲಿಲ್ಲ ಕಣೇ."

ಆ ಮಾತು ನಾಟಿತು. ಅವಳು ಎದ್ದು ಓನರ್ ಕೋಣೆಗೆ ನುಗ್ಗಿದಳು.

"ಸರ್, ದಾರಿ ಬದಲಾಯಿಸಿದ್ದು ನಾನು. ಇವರು ಚೆನ್ನಾಗೇ ಓಡಿಸ್ತಾರೆ. ನನಗೆ ಭಯ, ಅಷ್ಟೇ."

ಓನರ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಉಳಿದ ಡ್ರೈವರ್‌ಗಳು ಹೋದ್ರೆ ಭಯ ಆಗಲ್ವಾ ನಿನಗೆ?"

"ಆಗತ್ತೆ ಸರ್… ಆದ್ರೆ ಉಸಿರು ನಿಲ್ಲಲ್ಲ."

ಡ್ರೈವರನ ಸಿಟ್ಟು ಜರ್ರನೆ ಇಳಿದುಹೋಯಿತು. ಅವಳಿಗೋ, ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಟ್ರಿಪ್ ಶುರು ಮಾಡೋ ಮುಂಚೆ ದಾರಿ ನೋಡಿ ಬರಬೇಕಲ್ಲ," ಎಂದರು ಓನರ್, ನಗು ತಡೆದುಕೊಂಡು. "ಇವನ ಜೊತೆ ನೀನೂ ಹೋಗು, ನಿಮ್ಮಕ್ಕ ಒಪ್ಪಿದ್ರೆ. ಆಮೇಲೆ ದಾರಿ ತೀರ್ಮಾನ ಮಾಡು."

ಅಕ್ಕ ಒಪ್ಪಿದ್ದಷ್ಟೇ ಅಲ್ಲ, ತಾನೂ ಹೊರಟು ಹಿಂದಿನ ಸೀಟಿನಲ್ಲಿ ಕೂತಳು.

ಘಾಟಿ ಶುರುವಾದಾಗ, ಡ್ರೈವರನ ಪಕ್ಕದ ಸೀಟಿನಲ್ಲಿದ್ದ ತಂಗಿ ಮುಂದಿನ ಕಂಬಿಯನ್ನು ಬಿಗಿಹಿಡಿದಳು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಗಾಳಿ. ಕೆಳಗೆ, ಎಲ್ಲೋ ಪಾತಾಳದಲ್ಲಿ, ಸರೋವರ. ಪ್ರತಿ ತಿರುವಿನಲ್ಲೂ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

'ದೇವರೇ, ಇದೊಂದು ದಾಟಲಿ…'

"ಕಣ್ಣು ಮುಚ್ಕೊಂಡ್ರೆ ಬೆಟ್ಟ ಹೇಗೆ ಕಾಣತ್ತೆ ಮೇಡಂ?"

"ನೀವು ರಸ್ತೆ ನೋಡಿ, ನನ್ನನ್ನಲ್ಲ."

ನೆತ್ತಿಯ ಮೇಲೆ, ಗಡಿಗೇಟಿನ ಹತ್ತಿರ ಅವನು ಬಸ್ಸು ನಿಲ್ಲಿಸಿದ. ಹಿಂದೆ ಅಕ್ಕ ಕಿಟಕಿಗೆ ಹಣೆ ಒತ್ತಿ ಸದ್ದಿಲ್ಲದೆ ಅಳುತ್ತಿದ್ದಳು.

"ನನಗೂ ಪ್ರತಿ ತಿರುವಲ್ಲೂ ಭಯ ಆಗತ್ತೆ," ಎಂದ ಅವನು ಮೆಲ್ಲಗೆ. "ಅದಕ್ಕೇ ನಿಧಾನವಾಗಿ ಓಡಿಸೋದು."

ಅವನು ಸ್ಟೀರಿಂಗಿನಿಂದ ಕೈ ತೆಗೆದು ಅವಳ ಕಡೆ ತಿರುಗಿದ.

"ನನ್ನನ್ನ ಮದುವೆ ಆಗೋಕೂ ಭಯಾನಾ?"

"ತುಂಬಾ."

ಅವನ ಮುಖ ಬಾಡಿತು. ಅವಳು ಕಂಬಿ ಬಿಟ್ಟು ಅವನ ಕೈ ಹಿಡಿದಳು.

"ಆದ್ರೂ ಆಗ್ತೀನಿ."