ಎಡಗಡೆಯ ಹೂ

ಎಡಗಡೆಯ ಹೂ ಬಿತ್ತು.

ಗುಡಿಯೊಳಗೆ ಅಮೋಗಸಿದ್ಧನ ಕರಿಕಲ್ಲಿನ ಮೂರ್ತಿಯ ಬಲಭುಜಕ್ಕೆ ಅಂಟಿದ್ದ ಇನ್ನೊಂದು ಹೂ ಅಲ್ಲಾಡದೆ ಹಾಗೇ ಇತ್ತು. ಬಲಗಡೆಯದು ಮೊದಲು ಬಿದ್ದರೆ ದೇವರು ಹೂಂ ಎಂದಂತೆ. ಎಡಗಡೆಯದು ಬಿದ್ದರೆ ಬೇಡ ಎಂದಂತೆ. ಮದುವೆಯಿರಲಿ, ಬಾವಿ ತೋಡುವುದಿರಲಿ, ಊರವರು ಹೀಗೆ ಅಪ್ಪಣೆ ಕೇಳಿಯೇ ಮುಂದಿನ ಹೆಜ್ಜೆ ಇಡುತ್ತಿದ್ದರು.

ಇವತ್ತು ಕೇಳಿದ್ದು ಮಾಲಾಳ ಅಕ್ಕ ಸುರೇಖಾಳ ಓದಿನ ಬಗ್ಗೆ. ಸುರೇಖಾ ಪಿಯುಸಿ ಕಾಮರ್ಸ್ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಳು. ವಿಜಾಪುರದ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಮಾಡಬೇಕು, ಜೊತೆಜೊತೆಗೇ ಸಿ.ಎ. ಪರೀಕ್ಷೆಗೂ ತಯಾರಾಗಬೇಕು ಎಂಬುದು ಅವಳ ಆಸೆ. ಮಗಳು ದಿನಾ ಬಸ್ಸಿನಲ್ಲಿ ಸಿಂದಗಿಗೆ ಹೋಗಿಬಂದು ಬಿ.ಎ. ಮಾಡಿದರೆ ಸಾಕು ಎಂಬುದು ಅಪ್ಪ ಅಮಸಿದ್ದನ ಮಾತು. ವಾರಗಟ್ಟಲೆ ಚರ್ಚೆ ನಡೆದರೂ ಬಗೆಹರಿಯಲಿಲ್ಲ. ಕಾಲೇಜಿಗೆ ಫಾರ್ಮ್ ಕೊಡಲು ಸೋಮವಾರವೇ ಕಡೆಯ ದಿನ. ಕೊನೆಗೆ ಭಾನುವಾರ ಬೆಳಿಗ್ಗೆ ಅಪ್ಪ, ವಿಜಾಪುರಕ್ಕೆ ಕಳಿಸುವುದೋ ಬೇಡವೋ ದೇವರು ಹೇಳಿದಂತೆ ಆಗಲಿ ಎಂದು ಎಲ್ಲರನ್ನೂ ಗುಡಿಗೆ ಕರೆತಂದಿದ್ದ.

ಪೂಜಾರಿ ಪರಪ್ಪಜ್ಜ ಬಿದ್ದ ಹೂವನ್ನೆತ್ತಿ ಸುರೇಖಾಳ ಕೈಗಿಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಹೊರಗೆ ನಡೆದಳು. ಮಾಲಾ ಮಾತ್ರ ತನ್ನ ಒದ್ದೆ ಬೆರಳುಗಳನ್ನು ಲಂಗಕ್ಕೆ ಒರೆಸುತ್ತಲೇ ನಿಂತಳು. ಬೆರಳು ಒಣಗಿದರೂ ಒರೆಸುವುದು ನಿಲ್ಲಲಿಲ್ಲ.

ಅಜ್ಜನ ಕೈ ನಡುಗುತ್ತಿದ್ದುದರಿಂದ ಹೂವನ್ನು ತಂಬಿಗೆಯ ನೀರಿನಲ್ಲಿ ಅದ್ದಿಕೊಡುವ ಕೆಲಸ ಮಾಲಾಳದು. ಅಜ್ಜ ಮೊದಲ ಹೂವನ್ನು ಯಾವಾಗಲೂ ಬಲಗಡೆಗೇ ಇಡುತ್ತಾನೆ. ಪೂರ್ತಿ ಒದ್ದೆಯಾದ ಹೂ ಗಟ್ಟಿಯಾಗಿ ಅಂಟುತ್ತದೆ, ಅರೆಬರೆ ಒದ್ದೆಯಾದದ್ದು ಬೇಗ ಜಾರುತ್ತದೆ. ಇವತ್ತು ಅವಳು ಮೊದಲ ಹೂವನ್ನು ಮುಳುಗಿಸಿ ತೆಗೆದಿದ್ದಳು. ಎರಡನೆಯದರ ತುದಿಯನ್ನಷ್ಟೇ ನೀರಿಗೆ ತಾಗಿಸಿದ್ದಳು.

ಅಕ್ಕ ಹೋದರೆ ಎರಡು ಜಡೆ ಹೆಣೆಯುವವರು ಯಾರು? ಗುಡುಗಿದಾಗ ಯಾರ ಕೌದಿಯೊಳಗೆ ನುಸುಳುವುದು?

ಮನೆಗೆ ಬಂದ ಮೇಲೆ ಮಾಲಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ರೊಟ್ಟಿ ಮುರಿದು ಹಾಗೇ ಬಿಟ್ಟಳು. ಗೆಳತಿ ಸಾಬೀರಾ ಕುಂಟಾಟಕ್ಕೆ ಕರೆದಳು. ಮಾಲಾ ಎರಡು ಮನೆ ಕುಂಟಿ ಕಾಲು ಊರಿ ನಿಂತುಬಿಟ್ಟಳು. ಏನಾಗೈತಿ ನಿನಗ ಎಂದು ಸಾಬೀರಾ ಕೇಳಿದ್ದಕ್ಕೆ ಹೊಟ್ಟೆನೋವು ಎಂದಳು. ಆಟ ಬಿಟ್ಟು ಮನೆಗೆ ಬಂದಳು.

ಸಂಜೆ ಮುಂದೆ ಸುರೇಖಾ ಕಟ್ಟೆಯ ಮೇಲೆ ಕೂತು ಅಕೌಂಟೆನ್ಸಿ ಪುಸ್ತಕ ತೆರೆದಿದ್ದಳು. ಮಡಚಿದ ಫಾರ್ಮ್ ಪುಸ್ತಕದೊಳಗಿನಿಂದ ಇಣುಕುತ್ತಿತ್ತು.

"ಹೋಗೂದ ಇಲ್ಲಂದ ಮ್ಯಾಲ ಇದನ್ಯಾಕ ಮಾಡಾಕತ್ತಿ?" ಎಂದು ಮಾಲಾ ಮೆಲ್ಲಗೆ ಕೇಳಿದಳು.

"ನಿನ್ನಿ ಲೆಕ್ಕ ಕೂಡಿಲ್ಲ. ಎರಡೂ ಕಡೆ ಒಂದ ಮೊತ್ತ ಬರಬೇಕು. ಈ ಕಡೆ ಒಂಬತ್ತು ಹೆಚ್ಚ ಬರಾಕತ್ತೈತಿ."

"ಬರೇ ಒಂಬತ್ತ ಹೌದಲ್ಲ. ಆ ಕಡೆ ಎಲ್ಲ್ಯರ ಸೇರಿಸಿಬಿಡು."

ಸುರೇಖಾ ನಕ್ಕಳು. ಬೆಳಗಿನಿಂದ ಅದೇ ಮೊದಲ ನಗು. "ಸೇರಿಸಿದ್ರ ಕೂಡತೈತಿ. ಖರೆ ಆಗೂದಿಲ್ಲ. ಸಿ.ಎ. ಆದವ್ರ ಕೆಲಸನ ತಪ್ಪು ಎಲ್ಲೈತಿ ಅಂತ ಹುಡುಕೂದು. ಸಿಗೂತನಕ ಏಳಂಗಿಲ್ಲ."

ಬೆರಳಿಟ್ಟು ಒಂದೊಂದೇ ಸಾಲನ್ನು ಮೇಲಿನಿಂದ ಕೆಳಗೆ ನೋಡುತ್ತ ಬಂದಳು. ಕಡೆಗೆ ನಲವತ್ತೈದು ಇರಬೇಕಾದಲ್ಲಿ ಐವತ್ತನಾಲ್ಕು ಬರೆದದ್ದು ಸಿಕ್ಕಿತು. ಅದನ್ನು ತಿದ್ದಿ ಕೆಳಗೆ ಎರಡು ಗೆರೆ ಎಳೆದಳು. ಆಗ ಅವಳ ಮುಖ ನೀರು ಕುಡಿದ ಸಸಿಯಂತೆ ಕಂಡಿತು. ಆ ಮುಖ ಮರುಗಳಿಗೆಯೇ ಬಾಡಿತು, ಏಕೆಂದರೆ ಕೈಗೆ ಫಾರ್ಮ್ ತಾಗಿತ್ತು.

ಮಾಲಾ ಎದ್ದು ಹಟ್ಟಿಯ ಕಡೆಗೆ ಓಡಿದಳು.

ಅಪ್ಪ ಕುರಿಗಳನ್ನು ಒಳಗೆ ಹೊಡೆದು ಬಾಗಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದ. ಅವಳು ಬಂದು ನಿಂತಳು. ಹೋಗಿಬಿಡಲೇ ಎನ್ನಿಸಿತು, ಆದರೆ ಅವನ ಎದುರಿಗೇ ಕೂತಳು.

"ಅಪ್ಪಾ, ಹೂ ನಾನ ಕೆಡಿಸೇನಿ."

ನೂಲುವ ಕೈ ನಿಂತಿತು. ಯಾವ ಹೂ ಪೂರ್ತಿ ಅದ್ದಿದಳು, ಯಾವುದರ ತುದಿ ಮಾತ್ರ, ಎಲ್ಲವನ್ನೂ ಮಾಲಾ ಹೇಳಿದಳು. ಅಕ್ಕ ಹೋಗಬಾರದು ಎಂದೇ ಹೀಗೆ ಮಾಡಿದೆ ಎನ್ನುತ್ತ ಅತ್ತುಬಿಟ್ಟಳು. ಬೈಗುಳಕ್ಕೆ ಕಾದಳು.

ಅಪ್ಪ ಉಣ್ಣೆಯನ್ನು ಪಕ್ಕಕ್ಕಿಟ್ಟ. "ನಾನೂ ಎಡಗಡಿ ಹೂವಿನ ಕಡೇನ ನೋಡಾಕತ್ತಿದ್ನೆವ್ವಾ," ಎಂದ. "ಬೀಳಲಿ ಅಂತ."

ಮಾಲಾ ಕಣ್ಣೊರೆಸಿಕೊಂಡು ಅವನ ಮುಖ ನೋಡಿದಳು. ಅಪ್ಪನಿಗೂ ಹೀಗೆಲ್ಲ ಅನ್ನಿಸುತ್ತದೆ ಎಂಬುದು ಅವಳಿಗೆ ತಿಳಿದಿರಲಿಲ್ಲ.

"ಮತ್ತೊಮ್ಮಿ ಕೇಳೂನೇನ್ರಿ, ಅಪ್ಪಾ?"

"ಬ್ಯಾಡ. ನಾನ ಹೇಳಬೇಕಾದ ಮಾತನ್ನ ದೇವ್ರ ಮ್ಯಾಲ ಹಾಕಿದ್ನಿ." ಅವನು ಎದ್ದು ಕೈಕಾಲು ತೊಳೆದುಕೊಂಡ. ಇಬ್ಬರೂ ಗುಡಿಗೆ ಹೋದರು. ಅಪ್ಪ ಕಾಯಿ ಒಡೆಸಿ ಉದ್ದಕ್ಕೆ ಬಿದ್ದು ನಮಸ್ಕರಿಸಿದ. ಮಾಲಾ ಗಲ್ಲ ಗಲ್ಲ ಬಡಿದುಕೊಂಡಳು. ದೀಪ ಸಣ್ಣಗೆ ಉರಿಯುತ್ತಿತ್ತು. ಕಲ್ಲಿನ ಬಲಭುಜದ ಹೂ ಯಾವಾಗಲೋ ಕೆಳಗೆ ಬಿದ್ದಿತ್ತು.

ಮನೆಗೆ ಬಂದು ಅಪ್ಪ ಫಾರ್ಮ್ ಕೇಳಿದ. ಸುರೇಖಾ ತೋರಿಸಿದ ಜಾಗದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ.

ಮಾಲಾ ಅಕ್ಕನಿಗೂ ನಡೆದದ್ದನ್ನು ಹೇಳಿದಳು, ಅವಳು ಬೈಯಲಿ ಎಂದುಕೊಂಡಳು. ಅಕ್ಕ ಬೈಯಲಿಲ್ಲ. ಎಲ್ಲ ಕೇಳಿ, ಅವಳ ಮೂಗು ಹಿಡಿದು ಒಮ್ಮೆ ಜಗ್ಗಿದಳು, ಅಷ್ಟೇ.

ಮರುದಿನ ಬೆಳಿಗ್ಗೆ ಫಾರ್ಮ್ ಕೊಡಲು ವಿಜಾಪುರಕ್ಕೆ ಹೊರಟ ಸುರೇಖಾ ಬಸ್ಸಿಗೆ ಕಾಯುತ್ತಿದ್ದಳು. ಮಾಲಾ ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ಬಂದು ಪಕ್ಕದಲ್ಲಿ ನಿಂತಳು. ಅವತ್ತು ಜಡೆ ತಾನೇ ಹಾಕಿಕೊಂಡಿದ್ದಳು. ಒಂದು ಕಿವಿಯ ಮೇಲಿತ್ತು, ಇನ್ನೊಂದು ಕುತ್ತಿಗೆಯ ಹತ್ತಿರ ಜೋಲುತ್ತಿತ್ತು.

ಸುರೇಖಾಳ ಕೈ ತಾನಾಗಿಯೇ ರಿಬ್ಬನ್ನಿನ ಕಡೆಗೆ ಚಾಚಿತು. "ಎರಡೂ ಕಡೆ ಕೂಡಿಲ್ಲವಲ್ಲ."

ಮಾಲಾ ತಲೆ ಹಿಂದಕ್ಕೆ ಸರಿಸಿದಳು.

"ಇರಲಿ ಬಿಡಕ್ಕಾ. ಎಲ್ಲಿ ತಪ್ಪೈತಿ ನಾನ ಹುಡುಕ್ತೇನಿ."